ಎರಡು ಗೆಲುವು, ಎಂಟು ಸೋಲು

ಕಾಲೇಜಿನ ತಂಡವೊಂದು ಹತ್ತು ಪಂದ್ಯಗಳನ್ನಾಡಿ ಎಂಟರಲ್ಲಿ ಸೋತರೆ, ಅದರ ತರಬೇತುದಾರನಿಗೆ ಸಾಮಾನ್ಯವಾಗಿ ದೊರೆಯುವುದು ಬೀಳ್ಕೊಡುಗೆಯ ಹಾರವೊಂದೇ. ಆದರೆ ಹಾಗೆ ಸೋತ ತಂಡವೊಂದನ್ನೂ ಅದರ ತರಬೇತುದಾರನನ್ನೂ ಒಂದು ಊರು ಅಭಿಮಾನದಿಂದ ನೆನೆಯುತ್ತ ಬಂದಿದೆ. ಆ ಊರು ಅಮೆರಿಕದ ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ ಒಹಾಯೊ ನದಿಯ ದಂಡೆಯ ಮೇಲಿರುವ ಹಂಟಿಂಗ್ಟನ್. ತಂಡ ಅಲ್ಲಿನ ಮಾರ್ಷಲ್ ವಿಶ್ವವಿದ್ಯಾನಿಲಯದ್ದು.

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಮೈದಾನಗಳಲ್ಲಿ ಕಾಣುವ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು; ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಹನ್ನೊಂದು ಮಂದಿ ನಾಲ್ಕು ಯತ್ನಗಳೊಳಗೆ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು. ಎದುರಿನ ಹನ್ನೊಂದು ಮಂದಿ ಅವರನ್ನು ಕೆಡಹಿ ತಡೆಯಬೇಕು. ಚೆಂಡಿನೊಡನೆ ಎದುರಾಳಿಯ ಗಡಿಯನ್ನು ದಾಟಿದರೆ ಆರು ಅಂಕ. ಸಣ್ಣ ಪಟ್ಟಣಗಳಲ್ಲಿ ಕಾಲೇಜು ತಂಡದ ಪಂದ್ಯವೆಂದರೆ ನಮ್ಮೂರಿನ ರಥೋತ್ಸವವಿದ್ದಂತೆ: ವೈದ್ಯರು, ವರ್ತಕರು, ಮನೆಮಂದಿ ಎಲ್ಲರೂ ಅಲ್ಲಿಯೇ.

೧೯೭೦ರ ನವೆಂಬರ್ ೧೪ನೆಯ ಶನಿವಾರ ಮಾರ್ಷಲ್ ತಂಡ ಉತ್ತರ ಕೆರೋಲಿನಾದಲ್ಲಿ ೧೭-೧೪ ಅಂಕಗಳಿಂದ ಸೋತು, ವಿಮಾನದಲ್ಲಿ ಊರಿಗೆ ಮರಳುತ್ತಿತ್ತು. ಮಳೆ ಮತ್ತು ಮಂಜು ಕವಿದ ರಾತ್ರಿ. ನಿಲ್ದಾಣ ಇನ್ನೇನು ಬಂದಿತೆನ್ನುವಾಗ ವಿಮಾನ ಗುಡ್ಡವೊಂದರ ಮರಗಳಿಗೆ ತಗುಲಿ ಉರಿದುಹೋಯಿತು. ಒಳಗಿದ್ದ ೭೫ ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ೩೭ ಮಂದಿ ಆಟಗಾರರು. ತರಬೇತುದಾರ ರಿಕ್ ಟಾಲಿಯೂ ಅವರ ಜೊತೆಗಿದ್ದರು. ತಂಡವನ್ನು ಹುರಿದುಂಬಿಸಲು ಹೋಗಿದ್ದ ಊರಿನ ಗಣ್ಯರಲ್ಲಿ ಹಲವರು ದಂಪತಿಗಳು. ಎಪ್ಪತ್ತು ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು. ಅವರಲ್ಲಿ ಹದಿನೆಂಟು ಮಕ್ಕಳಿಗೆ ಇಬ್ಬರೂ ಇಲ್ಲವಾದರು. ಆರು ಆಟಗಾರರ ದೇಹಗಳನ್ನು ಗುರುತಿಸಲಾಗದೆ, ಊರ ಮೇಲಣ ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲಿ ಒಟ್ಟಿಗೆ ಮಣ್ಣುಮಾಡಿದರು.

ಆಟ ಇನ್ನು ಬೇಕೆ? ಸತ್ತವರ ಅಂಗಿಯನ್ನು ಬೇರೆ ಹುಡುಗರಿಗೆ ತೊಡಿಸುವುದು ಸರಿಯೆ? ಬೇಡವೆಂದವರ ಮಾತನ್ನು ಕಟುವೆನ್ನುವಂತಿಲ್ಲ. ಆದರೆ ವಿದ್ಯಾರ್ಥಿಗಳೂ ಉಳಿದ ಆಟಗಾರರೂ ತಂಡ ನಿಲ್ಲಬಾರದೆಂದರು. ಹಂಗಾಮಿ ಅಧ್ಯಕ್ಷ ಡೊನಾಲ್ಡ್ ಡೆಡ್‌ಮನ್ ಒಪ್ಪಿದರು. ತರಬೇತುದಾರನನ್ನು ಹುಡುಕುವುದು ಅದಕ್ಕಿಂತ ಕಷ್ಟವಾಯಿತು. ಒಪ್ಪಿಕೊಂಡು ಬಂದ ಒಬ್ಬರು ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ ಹಿಂದಿರುಗಿದರು. ಅವರನ್ನು ದೂರುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡುವುದು ಸುಲಭವಲ್ಲ. ಕಡೆಗೆ ೧೯೭೧ರ ಮಾರ್ಚಿಯಲ್ಲಿ ಒಹಾಯೊ ರಾಜ್ಯದ ವೂಸ್ಟರ್ ಎಂಬ ಚಿಕ್ಕ ಕಾಲೇಜಿನಿಂದ ಜ್ಯಾಕ್ ಲೆಂಗ್ಯೆಲ್ ಬಂದರು.

ಹಳಬರಲ್ಲಿ ಅವರಿಗೆ ದೊರೆತವರು ಗಾಯದಿಂದಲೋ ಮತ್ತಾವ ಕಾರಣದಿಂದಲೋ ಆ ದಿನ ವಿಮಾನ ಹತ್ತದಿದ್ದ ಬೆರಳೆಣಿಕೆಯ ಹುಡುಗರು. ನೇಟ್ ರಫಿನ್ ಅವರಲ್ಲೊಬ್ಬ. ಅವನೇ ಹೊಸ ತಂಡದ ನಾಯಕನಾದ. ಸಹಾಯಕ ತರಬೇತುದಾರ ರೆಡ್ ಡಾಸನ್ ಅಂದು ಹೊಸ ಆಟಗಾರರನ್ನು ಅರಸುತ್ತ ಕಾರಿನಲ್ಲಿ ಪ್ರಯಾಣಿಸುತ್ತಿದ್ದುದರಿಂದ ಬದುಕಿದ್ದರು. ಇನ್ನೊಂದೇ ವರ್ಷ ಇರುವೆನೆಂದು ಒಪ್ಪಿ ನಿಂತು, ಆ ವರ್ಷ ಮುಗಿದೊಡನೆ ಫುಟ್‌ಬಾಲನ್ನೇ ಬಿಟ್ಟು ಕಟ್ಟಡದ ಕೆಲಸ ಹಿಡಿದರು.

ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ೧೯೭೦ರಲ್ಲಿ ಎಷ್ಟೋ ಹುಡುಗರನ್ನು ವಿಮಾನದಿಂದ ದೂರವಿಟ್ಟು ಉಳಿಸಿದ್ದು ಈ ನಿಯಮವೇ. ಮರುವರ್ಷ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ ಮಾರ್ಷಲ್‌ಗಾಗಿ ಅದೇ ನಿಯಮವನ್ನು ಸಡಿಲಿಸಿತು. ಇಲ್ಲವಾದರೆ ತಂಡವೇ ಇರುತ್ತಿರಲಿಲ್ಲ. ಹೈಸ್ಕೂಲಿನಿಂದ ನೇರವಾಗಿ ಬಂದ ಹುಡುಗರು ಪಕ್ವವಾದ ಮೈಕಟ್ಟಿನವರ ಎದುರು ನಿಲ್ಲಬೇಕಾಯಿತು. ಕಾಲೇಜಿನ ಇತರ ಆಟಗಳಿಂದಲೂ ಕೆಲವರು ಬಂದರು. ಕಂಬಗಳ ನಡುವೆ ಚೆಂಡನ್ನು ಒದೆಯಲು ಸಿಕ್ಕಿದವನು, ನಾವು ಬಲ್ಲ ಕಾಲ್ಚೆಂಡಾಟದವನು!

ಇಂತಹ ತಂಡಕ್ಕೆ ಯಾವ ಆಟ ಕಲಿಸುವುದು? ಲೆಂಗ್ಯೆಲ್ ನೆರೆಯ ಪ್ರತಿಸ್ಪರ್ಧಿಯ ಬಾಗಿಲು ತಟ್ಟಿದರು. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾನಿಲಯದ ತರಬೇತುದಾರ ಬಾಬಿ ಬೌಡನ್, ಮುಂದೆ ಫ್ಲಾರಿಡಾದಲ್ಲಿ ದೇಶವಿಖ್ಯಾತರಾದವರು, 'ವೀರ್' ಎಂಬ ಪದ್ಧತಿಯಲ್ಲಿ ಆಡಿಸುತ್ತಿದ್ದರು. ತರಬೇತುದಾರರು ತಮ್ಮ ತಂತ್ರಗಳನ್ನು ಮನೆಯ ಒಡವೆಗಿಂತ ಜೋಪಾನವಾಗಿ ಕಾಯುವವರು. ಬೌಡನ್ ತಮ್ಮ ಪುಸ್ತಕವನ್ನೂ ಆಟದ ಚಿತ್ರಸುರುಳಿಗಳನ್ನೂ ಲೆಂಗ್ಯೆಲ್ ಮುಂದೆ ತೆರೆದಿಟ್ಟರು. ಎದುರಾಳಿಗಳಲ್ಲಿ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುವುದು, ಅವನು ಯಾರ ಕಡೆಗೆ ನುಗ್ಗುವನೆಂಬುದನ್ನು ಕಣ್ಣಳತೆಯಲ್ಲಿ ಅರಿತು, ಕ್ವಾರ್ಟರ್‌ಬ್ಯಾಕ್ ಆದವನು ಆ ಕ್ಷಣದಲ್ಲೇ ಚೆಂಡನ್ನು ಜೊತೆಗಾರನಿಗೆ ಕೊಡುವುದೋ ತಾನೇ ಹಿಡಿದು ಓಡುವುದೋ ಎಂದು ನಿರ್ಧರಿಸುವುದು, ಇದು ಆ ಪದ್ಧತಿಯ ಮರ್ಮ. ಮೈಬಲ ಸಾಲದವರಿಗೆ ಹೇಳಿ ಮಾಡಿಸಿದ್ದು.

ಮೊದಲ ಪಂದ್ಯದಲ್ಲಿ ಮೋರ್‌ಹೆಡ್ ತಂಡ ೨೯-೬ರಿಂದ ಸೋಲಿಸಿತು. ಮುಂದಿನ ಶನಿವಾರ, ಸೆಪ್ಟೆಂಬರ್ ೨೫ರಂದು, ದುರಂತದ ಬಳಿಕ ಸ್ವಂತ ಊರಿನಲ್ಲಿ ಮೊದಲ ಪಂದ್ಯ; ಎದುರಾಳಿ ಸಿನ್ಸಿನಾಟಿಯ ಜೇವಿಯರ್. ಗೆಲುವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕಾಲ್ಚೆಂಡಿನ ಹುಡುಗನ ಒದೆತಕ್ಕೆ ಮೂರು ಅಂಕ ಬಂದವು. ಕೊನೆಯ ಗಳಿಗೆಗೆ ಜೇವಿಯರ್ ೧೩, ಮಾರ್ಷಲ್ ೯. ಗುರಿ ಇನ್ನೂ ೧೩ ಗಜ ದೂರ. ಉಳಿದಿದ್ದುದು ಒಂದೇ ಯತ್ನ. ಕ್ವಾರ್ಟರ್‌ಬ್ಯಾಕ್ ರೆಜಿ ಆಲಿವರ್ ಬಲಕ್ಕೆ ಓಡಿದ. ಎದುರಾಳಿಗಳೆಲ್ಲ ಆ ಕಡೆಗೇ ಧಾವಿಸಿದರು. ಥಟ್ಟನೆ ಅವನು ಚೆಂಡನ್ನು ಎಡಕ್ಕೆ ಎಸೆದ. ಅಲ್ಲಿ ನಿಂತಿದ್ದವನು ಮೊದಲ ವರ್ಷದ ವಿದ್ಯಾರ್ಥಿ ಟೆರಿ ಗಾರ್ಡನರ್. ಹಿಡಿದವನು ತಲೆಯೆತ್ತದೆ ಓಡಿ ಗೆರೆ ದಾಟಿದ. ೧೫-೧೩. ಗಡಿಯಾರದಲ್ಲಿ ಇನ್ನು ಕ್ಷಣವೂ ಉಳಿದಿರಲಿಲ್ಲ. ಜನ ಮೈದಾನಕ್ಕೆ ನುಗ್ಗಿದರು. ಅಪರಿಚಿತರು ಅಪ್ಪಿಕೊಂಡು ಅತ್ತರು. ಬಹಳ ಹೊತ್ತು ಯಾರೂ ಮನೆಯ ದಾರಿ ಹಿಡಿಯಲಿಲ್ಲ.

ಆ ವರ್ಷ ಬೌಲಿಂಗ್ ಗ್ರೀನ್ ತಂಡದ ಮೇಲೆ ೧೨-೧೦ರ ಇನ್ನೊಂದೇ ಗೆಲುವು. ಉಳಿದ ಸೋಲುಗಳಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ. ನಾಲ್ಕು ವರ್ಷಗಳಲ್ಲಿ ಲೆಂಗ್ಯೆಲ್ ಅವರ ಒಟ್ಟು ಲೆಕ್ಕ ೯ ಗೆಲುವು, ೩೩ ಸೋಲು. ಸೋಲಿಗಿಂತ ಗೆಲುವು ಹೆಚ್ಚಾದ ವರ್ಷವನ್ನು ಮಾರ್ಷಲ್ ಮತ್ತೆ ಕಂಡದ್ದು ೧೯೮೪ರಲ್ಲಿ. ತನ್ನ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗಳಿಸಿದ್ದು ೧೯೯೨ರಲ್ಲಿ. ೨೦೦೬ರಲ್ಲಿ ಹಾಲಿವುಡ್ ಈ ಕಥೆಯನ್ನು ಚಿತ್ರವಾಗಿಸಿತು.

ವಿಶ್ವವಿದ್ಯಾನಿಲಯದ ಅಂಗಳದಲ್ಲಿ ೧೯೭೨ರಲ್ಲಿ ನಿಲ್ಲಿಸಿದ ಕಾರಂಜಿಯೊಂದಿದೆ. ಪ್ರತಿವರ್ಷ ನವೆಂಬರ್ ೧೪ರಂದು ಹೆಸರುಗಳನ್ನು ಓದಿ ನೀರನ್ನು ನಿಲ್ಲಿಸುತ್ತಾರೆ. ವಸಂತದಲ್ಲಿ ಮತ್ತೆ ಬಿಡುತ್ತಾರೆ. ನಾಯಕ ನೇಟ್ ರಫಿನ್ ೨೦೦೧ರಲ್ಲಿ ತೀರಿಕೊಂಡ. ಅವನನ್ನು ಸ್ಪ್ರಿಂಗ್ ಹಿಲ್‌ನಲ್ಲಿ, ಗುರುತು ಸಿಗದ ಆ ಆರು ಗೆಳೆಯರ ಸಮೀಪದಲ್ಲೇ ಮಲಗಿಸಿದರು.