ಹೊಲದಾಗ ಸಿಕ್ಕ ಹಾವಿನ ತತ್ತಿ ಮನಿಗೆ ತರಬ್ಯಾಡ್ರಿ

ಮುಂಗಾರಿಗೆ ಮೊದಲು ತಿಪ್ಪಿ ಅಗಿದು ಗೊಬ್ಬರ ಹೇರುವಾಗ ಬಿಳಿ ತತ್ತಿಗಳ ಗುಂಪು ಸಿಗೋದು ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೊಸದಲ್ಲ. ಕಬ್ಬಿನ ರವದಿ ಕೆಳಗೂ ಸಿಗತಾವ. ಕಂಡ ಕೂಡಲೇ ಡಬ್ಬಿಯೊಳಗ ಇಟ್ಟು, ಬಲ್ಬ್ ಹಚ್ಚಿ ಮನ್ಯಾಗ ಮರಿ ಮಾಡಿಸೋಣ ಅನ್ನೋ ಆಸೆ ಹುಡುಗರಿಗೆ ಬರತದ.

ನನಗೂ ಬಂದಿತ್ತು. ಹತ್ತಾರು ತತ್ತಿ ಬುಟ್ಟ್ಯಾಗ ತಂದು, ಕೋಳಿ ತತ್ತಿಯಂಗ ದಿನಾ ಹೊರಳಿಸಿದೆ. ಒಂದೂ ಮರಿ ಆಗಲಿಲ್ಲ. ಕಾರಣ ಆಮೇಲೆ ತಿಳೀತು. ಕೋಳಿ ತತ್ತಿಯನ್ನು ಹೊರಳಿಸಬೇಕು, ಹಾವಿನದನ್ನು ಹೊರಳಿಸಬಾರದು. ಇಟ್ಟ ಸ್ವಲ್ಪ ಸಮಯದಲ್ಲೇ ಒಳಗಿನ ಭ್ರೂಣ ಸಿಪ್ಪೆಯ ಒಳಮೈಗೆ ಅಂಟಿಕೊಳ್ಳುತ್ತದೆ. ತಿರುಗಿಸಿದರೆ ಸಾಯಬಹುದು. ಸಿಪ್ಪೆಯೂ ಚರ್ಮದಂತೆ ಮೆತ್ತಗೆ, ಸುತ್ತಲಿನ ತೇವ ಹೀರುವಂಥದ್ದು. ತಗಡಿನ ಮನೆಯ ಬಿಸಿಗೆ ಅದು ಒಣಗಿ ಸುಕ್ಕಾಗುತ್ತದೆ. ತಿಪ್ಪಿಯೊಳಗೆ ಬೆಚ್ಚಗೂ ಇರುತ್ತದೆ, ತೇವವೂ ಇರುತ್ತದೆ. ಹಾವು ಅಲ್ಲಿ ಸುಮ್ಮನೆ ತತ್ತಿ ಇಡೋದಿಲ್ಲ.

ಯೂಟ್ಯೂಬಿನ್ಯಾಗ ಪೆಟ್ಟಿಗೆಯಲ್ಲಿ ಮರಿ ಮಾಡಿಸಿ ತೋರಿಸೋದು ಹೆಚ್ಚಾಗಿ ಬಾಲ್ ಪೈಥಾನ್, ಕಾರ್ನ್ ಸ್ನೇಕ್. ಅವು ಹೊರದೇಶದ, ವಿಷವಿಲ್ಲದ, ಸಾಕುವ ಹಾವುಗಳು. ನಮ್ಮ ಹೊಲದ ತತ್ತಿ ಕೇರೆಯದೋ ನಾಗರದೋ ಅಂತ ಬರೇ ನೋಡಿ ಹೇಳೋದು ಕಷ್ಟ. ನಾಗರ ಸಾಮಾನ್ಯವಾಗಿ 12ರಿಂದ 30 ತತ್ತಿ ಇಡುತ್ತದೆ. ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತದೆ. ಹುಟ್ಟಿದ ದಿನವೇ ಅದಕ್ಕೆ ವಿಷ ಇರುತ್ತದೆ. ಅಂಥ ಮರಿ ಡಬ್ಬಿ ಮುಚ್ಚಳದ ಸಂದಿಯಿಂದ ಜಾರಿದರ, ಕೂಸು ಮಲಗಿರೋ ಮನ್ಯಾಗ ಎಲ್ಲಿ ಹುಡುಕ್ತೀರಿ? ತಾಯಿ ನಾಗರ ತತ್ತಿ ಕಾಯೋದೂ ಉಂಟು. ನೀವು ಕೈ ಹಾಕೋ ಹೊತ್ತಿಗೆ ಅದು ಅಲ್ಲೇ ಇರಬಹುದು.

ಕಾನೂನೂ ಕಟುವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು ಅಂದರೆ ಅದರ ತತ್ತಿಯೂ ಸೇರಿತು. 2022ರ ತಿದ್ದುಪಡಿಯ ನಂತರ ನಾಗರ, ಕೇರೆ ಎರಡೂ ಮೊದಲನೇ ಅನುಸೂಚಿಯಲ್ಲಿವೆ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ನೀವು ಹಾಕಿದ ವಿಡಿಯೊನೇ ಸಾಕ್ಷಿ ಆಗತದ.

"ಹಂಗಾದ್ರ ಟ್ರ್ಯಾಕ್ಟರ್ ಗಾಲಿ ಕೆಳಗ ಸಾಯಲೇನ್ರಿ?" ಅಂತ ಕೇಳಬಹುದು. ಬ್ಯಾಡ. ಮುಟ್ಟದೆ ಹಿಂದೆ ಸರೀರಿ. ದೂರ ನಿಂತು ಸಲಿಕೆಯಿಂದ ಮೆಲ್ಲಗೆ ಗೊಬ್ಬರ ಮುಚ್ಚಿ, ಕೋಲು ನೆಟ್ಟು ಗುರುತು ಮಾಡ್ರಿ. ಆಳುಗಳಿಗೂ ಮನಿಯವರಿಗೂ ಹೇಳ್ರಿ. ಆ ಮೂಲಿಯ ಗೊಬ್ಬರ ಎರಡು ತಿಂಗಳು ತಡವಾಗಿ ಹೇರಿದರ ಬೆಳಿ ಏನೂ ಹೋಗೂದಿಲ್ಲ. ಮನಿ ಹತ್ತಿರ ಇದ್ದರ, ಬಿಡಾಕ ಆಗದಿದ್ದರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕ ಫೋನ್ ಹಚ್ಚರಿ.

ಕಬ್ಬು, ಗೋವಿನಜೋಳ ಕಡಿಯೋ ಇಲಿಗಳನ್ನು ಪುಕ್ಕಟೆ ಹಿಡಿಯೋದು ಇದೇ ಕೇರೆ, ಇದೇ ನಾಗರ. ಪಂಚಮಿಗೆ ಹುತ್ತಕ್ಕ ಹಾಲೆರೀತೀವಿ. ಹಾವಿಗೆ ಹಾಲು ಬ್ಯಾಡ. ತತ್ತಿ ಇಟ್ಟಲ್ಲೇ ಮರಿ ಆಗಾಕ ಬಿಟ್ಟರ ಅಷ್ಟೇ ಸಾಕು.