ಪ್ರತಿರೂಪಕ ವ್ಯವಹಾರವೆಂಬ ಅತಿಚಾರ

ಮಾದಕ ದ್ರವ್ಯದ ಮಾತು ಬಂದಾಗಲೆಲ್ಲ ಶ್ರಾವಕರಾದ ನಾವು ಮದ್ಯತ್ಯಾಗವೆಂಬ ಮೂಲಗುಣವನ್ನು ನೆನೆದು ಸುಮ್ಮನಾಗುತ್ತೇವೆ. ಸೇವಿಸುವವನ ದೋಷ ನಮಗೆ ಬೇಗ ಕಾಣುತ್ತದೆ. ಮಾರುವವನ ದೋಷವನ್ನು ಆಚಾರ್ಯರು ಎಲ್ಲಿ ಇರಿಸಿದ್ದಾರೆಂದು ನೋಡುವುದು ಕಡಿಮೆ. ಅದನ್ನು ತಿಳಿಯಲು ಜೆಡಬ್ಲ್ಯೂಎಚ್-018 ಎಂಬ ಕೃತಕ ರಾಸಾಯನಿಕದ ವೃತ್ತಾಂತ ತಕ್ಕುದಾಗಿದೆ.

ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಜಾನ್ ಡಬ್ಲ್ಯೂ. ಹಫ್‌ಮನ್ ಅವರು ಸಂಶೋಧನೆಗೆಂದು ಸಿದ್ಧಪಡಿಸಿದ ವಸ್ತುವಿದು. ಹೆಸರಿನ ಮೂರಕ್ಷರಗಳು ಅವರವೇ. ರಚನೆಯಲ್ಲಿ ಗಾಂಜಾದ ಟಿಎಚ್‌ಸಿಗೂ ಇದಕ್ಕೂ ಹೋಲಿಕೆಯಿಲ್ಲ. ಆದರೂ ಮೆದುಳಿನಲ್ಲಿ ಎರಡೂ ಒಂದೇ ಗ್ರಾಹಕಕ್ಕೆ ಅಂಟುತ್ತವೆ. ಟಿಎಚ್‌ಸಿ ಆ ಗ್ರಾಹಕವನ್ನು ಭಾಗಶಃ ಪ್ರಚೋದಿಸಿದರೆ, ಇದು ಪೂರ್ಣವಾಗಿ ಪ್ರಚೋದಿಸುತ್ತದೆ. ಎದೆಬಡಿತದ ಏರಿಕೆ, ಭೀತಿ, ಚಿತ್ತಭ್ರಮೆ, ಕೆಲವೊಮ್ಮೆ ಅಪಸ್ಮಾರದಂತಹ ಸೆಳೆತ ಇದರ ಫಲ. ಇದನ್ನು ಸೇವಿಸಬಾರದೆಂದು ಹಫ್‌ಮನ್ ಅವರೇ ಎಚ್ಚರಿಸಿದ್ದರು.

ಇದನ್ನು ಒಣಸೊಪ್ಪಿಗೆ ಲೇಪಿಸಿ, ‘ಸ್ಪೈಸ್’ ಎಂಬ ಹೆಸರಿನಲ್ಲಿ, ಧೂಪದ ಪೊಟ್ಟಣವೆಂದು ಯುರೋಪಿನಲ್ಲಿ ಮಾರಿದರು. ‘ಮಾನವ ಸೇವನೆಗಲ್ಲ’ ಎಂಬ ಅಚ್ಚು ಬೇರೆ! 2008ರ ಕೊನೆಗೆ ಜರ್ಮನಿಯಲ್ಲಿ ಗುಟ್ಟು ಬಯಲಾಯಿತು. 2009ರ ಜನವರಿಯಲ್ಲಿ ಅಲ್ಲಿ ನಿಷೇಧ ಬಂದಿತು. 2011ರ ಮಾರ್ಚ್‌ನಲ್ಲಿ ಅಮೆರಿಕವೂ ನಿಷೇಧಿಸಿತು. ಆಗ ವ್ಯಾಪಾರಿಗಳು ಎಎಂ-2201 ಎಂಬುದನ್ನು ಮುಂದಿಟ್ಟರು. ಅಣುವಿನ ಇಂಗಾಲದ ಸರಪಳಿಯ ತುದಿಯಲ್ಲಿ ಒಂದು ಫ್ಲೋರಿನ್ ಪರಮಾಣು, ವ್ಯತ್ಯಾಸ ಅಷ್ಟೇ. ವಿಶ್ವಸಂಸ್ಥೆಯ 1971ರ ಒಡಂಬಡಿಕೆಯ ನಿಯಂತ್ರಣಕ್ಕೆ ಇವೆರಡೂ ಒಳಪಟ್ಟದ್ದು 2015ರಲ್ಲಿ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ಕಣ್ಣೆದುರಿಗಿವೆ. ಒಂದನ್ನು ಮತ್ತೊಂದೆಂದು ತೋರಿಸಿ ಮಾರುವ ಪ್ರತಿರೂಪಕ ವ್ಯವಹಾರ ಒಂದು. ರಾಜ್ಯದ ಕಟ್ಟಳೆಯನ್ನು ದಾಟುವ ವಿರುದ್ಧರಾಜ್ಯಾತಿಕ್ರಮ ಇನ್ನೊಂದು. ಹೊಸ ಅಣು ನಿಷೇಧದ ಪಟ್ಟಿಯಲ್ಲಿಲ್ಲ, ಆದ್ದರಿಂದ ಕಟ್ಟಳೆ ಮೀರಿಲ್ಲವೆಂದು ವ್ಯಾಪಾರಿ ವಾದಿಸಬಹುದು. ಆದರೆ ಅತಿಚಾರವೆಂದರೆ ವ್ರತವನ್ನು ಪೂರ್ತಿ ಮುರಿಯದೆ ಅದರ ಅಂಚನ್ನು ಸವೆಸುವುದೇ ಅಲ್ಲವೇ? ನನ್ನ ಮಟ್ಟಿಗೆ ಅತಿಚಾರವೆಂಬ ಹೆಸರೂ ಇದಕ್ಕೆ ಹಗುರವಾಯಿತು. ಪರರ ಕೈಗೆ ವಿಷ, ಶಸ್ತ್ರಗಳನ್ನು ಕೊಡುವ ಹಿಂಸಾದಾನವನ್ನು ಅನರ್ಥದಂಡದಲ್ಲಿ, ಎಂದರೆ ನಿಷ್ಪ್ರಯೋಜಕ ಪಾಪಗಳಲ್ಲಿ, ಎಣಿಸಿದ್ದಾರೆ. ಇಲ್ಲಿ ಲಾಭವೆಂಬ ಪ್ರಯೋಜನವೂ ಕೂಡಿಕೊಂಡಿದೆ.

‘ಪಟ್ಟಿಯಲ್ಲಿಲ್ಲವಲ್ಲ’ ಎಂಬ ಈ ಸಮಾಧಾನವನ್ನು, ದಿನವೂ ಸಾಮಾಯಿಕಕ್ಕೆ ಕೂರುವ ನಮ್ಮ ವ್ಯಾಪಾರಿ ಬಂಧುಗಳ ಬಾಯಲ್ಲೂ ಕೇಳಿದ್ದೇನೆ. ಸರಕು ಮಾತ್ರ ಬೇರೆ.