ಕುಣಿತ ಆಮೇಲೆ, ಮೊದಲು ಸಂಬಾಲ್ ಬಡಿಸಿ

ಕೌಲಾಲಂಪುರಕ್ಕೆ ಬರುವ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಒಂದು ಸಂಜೆ ಹೆಚ್ಚುಕಮ್ಮಿ ಖಾಯಂ. 'ಸಾಂಪ್ರದಾಯಿಕ ಮಲಯ್ ಭೋಜನ, ಜೊತೆಗೆ ಸಾಂಸ್ಕೃತಿಕ ನೃತ್ಯ.' ಇಂಥ ಹೋಟೆಲುಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಅಲ್ಲಿ ಗೋಡೆ ಮಲಯ್, ಬಟ್ಟೆ ಮಲಯ್, ಸಂಗೀತ ಮಲಯ್, ಆದ್ರೆ ತಟ್ಟೆಯಲ್ಲಿರೋದು ಮಾತ್ರ ಯಾರ ಮನೆಯ ಊಟವೂ ಅಲ್ಲ. ನನ್ನ ತಕರಾರು ಇಷ್ಟೇ.

ಅಲಂಕಾರದಲ್ಲಿ ತಪ್ಪು ಹುಡುಕೋದು ಕಷ್ಟ ಬಿಡಿ. ಕೆತ್ತನೆಯ ಮರದ ಕಿಟಕಿಗಳು, ಗೋಡೆಯ ಮೇಲೆ 'ವಾವ್' ಅನ್ನೋ ದೊಡ್ಡ ಗಾಳಿಪಟ, ಜರಿಯ ಸೊಂಗ್ಕೆಟ್ ಉಟ್ಟ ಹುಡುಗರು, ಮೂಲೆಯಲ್ಲೊಂದು ಚೊಂಗ್ಕಾಕ್ ಹಲಗೆ. ಈ ಚೊಂಗ್ಕಾಕ್ ನೋಡಿದ್ರೆ ನಿಮಗೆ ಖಂಡಿತ ನಗು ಬರುತ್ತೆ, ಅದು ನಮ್ಮ ಅಳಗುಳಿಮಣೆಯ ಒಡಹುಟ್ಟು. ಇಷ್ಟೆಲ್ಲ ನೋಡಿ ಖುಷಿಯಾಗಿ ಊಟದ ಮೇಜಿನ ಹತ್ತಿರ ಹೋಗಿ.. ಫ್ರೈಡ್ ರೈಸ್, ನೂಡಲ್ಸ್, ಖಾರವೇ ಇಲ್ಲದ ಕೋಳಿ ಸಾರು, ಸಿಹಿ ಸುರಿದ ಸಾತೆ. ನಾನು ಹೋದ ಒಂದು ಕಡೆ ಸಂಬಾಲ್ ಬೆಲಾಚಾನ್ ಕೇಳಿದೆ. ಹುಡುಗ ಬಾಟಲಿ ಚಿಲ್ಲಿ ಸಾಸ್ ತಂದಿಟ್ಟ! 'ಬೆಲಾಚಾನ್ ವಾಸನೆ ಪ್ರವಾಸಿಗಳಿಗೆ ಆಗಲ್ಲ' ಅಂದ. ಆ ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಅದು ಮಾಲೀಕರ ಲೆಕ್ಕಾಚಾರ.

ಆದ್ರೆ ಬೆಲಾಚಾನ್ ತೆಗೆದು ಮಲಯ್ ಊಟ ಬಡಿಸೋದು ಅಂದ್ರೆ ಒಗ್ಗರಣೆ ತೆಗೆದು ಸಾರು ಬಡಿಸಿದ ಹಾಗೆ. ಚಿಕ್ಕ ಸಿಗಡಿಗೆ ಉಪ್ಪು ಹಾಕಿ, ಒಣಗಿಸಿ, ಕುಟ್ಟಿ, ಹುಳಿಯಲು ಬಿಟ್ಟು ಮಾಡುವ ಗಟ್ಟಿ ಮುದ್ದೆ ಅದು. ಅದನ್ನು ಕೆಂಡದ ಮೇಲೆ ಸುಟ್ಟು, ಕೆಂಪು ಮೆಣಸಿನಕಾಯಿ ಜೊತೆ ಕಲ್ಲಿನ ಒರಳಲ್ಲಿ ಕುಟ್ಟಿ, ಮೇಲೆ ಪುಟ್ಟ ನಿಂಬೆ ಹಿಂಡಿದ್ರೆ ಸಂಬಾಲ್ ಬೆಲಾಚಾನ್ ತಯಾರು. ಪಕ್ಕದಲ್ಲಿ ಉಲಾಮ್, ಅಂದ್ರೆ ಹಸಿ ಸೊಪ್ಪು ತರಕಾರಿಗಳು. ಈ ಉಲಾಮ್ ರಾಶಿಯಲ್ಲಿ 'ಪೆಗಾಗಾ' ಅಂತ ಒಂದು ಎಲೆ ಇರುತ್ತೆ. ನೋಡಿದ ತಕ್ಷಣ ಗುರುತು ಹಿಡೀತೀರಿ, ನಮ್ಮ ತಂಬುಳಿಯ ಒಂದೆಲಗ! ಸಾರಿಗೆ ಹುಳಿ ಕೊಡೋ 'ಆಸಾಮ್ ಗೆಲುಗೊರ್' ಕೂಡ ನಮ್ಮ ಪುನರ್ಪುಳಿ, ಉಪ್ಪಾಗೆಯ ಕುಲದ್ದೇ. ಕೈ ತೊಳೆಯಲು ತಂದಿಡುವ 'ಕೆಂಡಿ' ಹೆಸರಲ್ಲೂ ಆಕಾರದಲ್ಲೂ ನಮ್ಮ ಗಿಂಡಿಗೆ ಹತ್ತಿರ. ನಮ್ಮವರು ಬೆರಗಾಗಬೇಕಾದ್ದು ಇಂಥದ್ದಕ್ಕೆ. ಥೀಮ್ ಹೋಟೆಲಿನಲ್ಲಿ ಕೆಂಡಿ ಶೋಕೇಸಿನಲ್ಲಿರುತ್ತೆ, ಮೇಜಿನ ಮೇಲೆ ಟಿಶ್ಯೂ ಇರುತ್ತೆ.

ಸಸ್ಯಾಹಾರಿ ಗೆಳೆಯರು 'ನಮಗಂತೂ ಬೆಲಾಚಾನ್ ಇಲ್ಲದಿರೋದೇ ಒಳ್ಳೇದಾಯ್ತು' ಅನ್ನಬಹುದು. ಹಾಗೆ ನೆಮ್ಮದಿಯಾಗಿರಬೇಡಿ. ನಾಸಿ ಲೆಮಾಕ್‌ನ ಸಂಬಾಲ್‌ನಲ್ಲಿ ಸಾಮಾನ್ಯವಾಗಿ ಒಣ ಮೀನೋ ಬೆಲಾಚಾನೋ ಇದ್ದೇ ಇರುತ್ತೆ, ತೆಂಗಿನ ಹಾಲಿನ ತರಕಾರಿ ಸಾರಿನಲ್ಲಿ ಒಣ ಸಿಗಡಿ ಸೇರಿರಬಹುದು. ಯಾವುದರಲ್ಲಿ ಏನಿದೆ ಅಂತ ಸರಿಯಾಗಿ ಚೀಟಿ ಬರೆದಿಟ್ಟರೆ ನಿಮಗೂ ಅನುಕೂಲ, ಅಡುಗೆಗೂ ಮರ್ಯಾದೆ. ಎಲ್ಲರಿಗೂ ಹಿಡಿಸಲಿ ಅಂತ ಎಲ್ಲವನ್ನೂ ಸಪ್ಪೆ ಮಾಡೋದರಿಂದ ಇಬ್ಬರಿಗೂ ಲಾಭ ಇಲ್ಲ.

ಇನ್ನೊಂದು ವಿಷಯ. 'ಮಲಯ್ ಅಡುಗೆ' ಅಂತ ಒಂದೇ ಅಡುಗೆ ಇಲ್ಲ. ಕೆಲಾಂತಾನ್‌ನಲ್ಲಿ ಶಂಖಪುಷ್ಪದಿಂದ ನೀಲಿಯಾದ ಅನ್ನದ ನಾಸಿ ಕೆರಾಬು, ಜೊತೆಗೆ ಮೀನು ಕೊಳೆಹಾಕಿ ಮಾಡಿದ 'ಬುಡು' ಅನ್ನೋ ರಸ. ಪಹಾಂಗ್‌ನಲ್ಲಿ ಹುದುಗಿಸಿದ ದುರಿಯನ್ ಹಣ್ಣಿನ ತೆಂಪೊಯಾಕ್ ಹಾಕಿದ ಮೀನಿನ ಸಾರು. ನೆಗೆರಿ ಸೆಂಬಿಲಾನ್‌ನಲ್ಲಿ ಸುಮಾತ್ರಾದಿಂದ ಬಂದು ನೆಲೆಸಿದ ಮಿನಾಂಗ್‌ಕಬಾವ್ ಜನರ ಕೈರುಚಿ, ತೆಂಗಿನ ಹಾಲಿಗೆ ಅರಿಶಿನ ಮತ್ತು ಸೂಜಿಮೆಣಸು ಅರೆದುಹಾಕಿದ ಕಣ್ಣಲ್ಲಿ ನೀರು ಬರಿಸೋ ಸಾರು. ಥೀಮ್ ಹೋಟೆಲಿನ ಬಫೆಯಲ್ಲಿ ಇವೆಲ್ಲ 'ಮಲಯ್ ಕರಿ' ಅನ್ನೋ ಒಂದೇ ಹೆಸರಿನಡಿ ಕರಗಿಹೋಗಿರುತ್ತವೆ.

2018ರಲ್ಲಿ ಬ್ರಿಟನ್ನಿನ ಮಾಸ್ಟರ್‌ಶೆಫ್ ಕಾರ್ಯಕ್ರಮದಲ್ಲಿ ಏನಾಯ್ತು ನೆನಪಿದೆಯಾ? ಮಲೇಷ್ಯಾ ಮೂಲದ ಸ್ಪರ್ಧಿಯೊಬ್ಬರು ನಾಸಿ ಲೆಮಾಕ್ ಜೊತೆ ಕೋಳಿ ರೆಂಡಾಂಗ್ ಮಾಡಿದ್ರು. ತೀರ್ಪುಗಾರರು ಕೋಳಿಯ ಚರ್ಮ ಗರಿಗರಿಯಾಗಿಲ್ಲ ಅಂದ್ರು, ಆಕೆ ಸ್ಪರ್ಧೆಯಿಂದ ಹೊರಗೆ. ರೆಂಡಾಂಗ್ ಅಂದ್ರೆ ತೆಂಗಿನ ಹಾಲು, ಮಸಾಲೆಯಲ್ಲಿ ಸಣ್ಣ ಉರಿಯಲ್ಲಿ ಹೊತ್ತುಗಟ್ಟಲೆ ಬೇಯುವ ಅಡುಗೆ. ಅದು ಗರಿಗರಿ ಆಗೋದಾದ್ರೂ ಹೇಗೆ? ಮಲೇಷ್ಯಾ, ಇಂಡೋನೇಷ್ಯಾ, ಸಿಂಗಪುರ, ಬ್ರೂನೈ ನಾಲ್ಕೂ ದೇಶದ ಜನ ಒಟ್ಟಾಗಿ ಸಿಟ್ಟಾದ್ರು, ರಾಜಕಾರಣಿಗಳೂ ದನಿಗೂಡಿಸಿದ್ರು. ಹೊರಗಿನವರು ತಪ್ಪಾಗಿ ಅಳೆದಾಗ ಅಷ್ಟು ಕೋಪ ಬಂತು. ಅದೇ ಹೊರಗಿನವರ ನಾಲಿಗೆಗೆ ಹೆದರಿ ಊರೊಳಗಿನ ಹೋಟೆಲೇ ತನ್ನ ಅಡುಗೆಯನ್ನು ಸಪ್ಪೆ ಮಾಡಿದಾಗ ಯಾರಿಗೂ ಕೋಪ ಬರಲ್ಲ. ಇದು ನನಗೆ ವಿಚಿತ್ರ ಅನ್ನಿಸುತ್ತೆ.

'ಹಾಗಾದ್ರೆ ಶುದ್ಧ ಸಂಪ್ರದಾಯ ಬೇಕು ಅಂತೀರಾ?' ಅಂತ ನೀವು ಕೇಳಬಹುದು. ಇಲ್ಲ, ಅಂಥದ್ದೊಂದು ಎಲ್ಲೂ ಇಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, ಯುರೋಪಿನವರ ಹಡಗುಗಳು ಪೂರ್ವಕ್ಕೆ ಬರೋಕೆ ಶುರುವಾದ ಮೇಲೆ ಇಲ್ಲಿಗೆ ಬಂದದ್ದು. ಪೋರ್ಚುಗೀಸರು ಮಲಕ್ಕಾ ಹಿಡಿದದ್ದು 1511ರಲ್ಲಿ. ಅಂದ್ರೆ ಇವತ್ತಿನ ಸಂಬಾಲ್‌ಗೆ ಹೆಚ್ಚೆಂದರೆ ಐನೂರು ವರ್ಷ. ಪೆನಾಂಗ್‌ನ ನಾಸಿ ಕಂದಾರ್ ತಮಿಳು ಮುಸ್ಲಿಮರ ಕೊಡುಗೆ. ಜೊಹೊರ್ ಲಕ್ಸಾದಲ್ಲಂತೂ ಇಟಲಿಯ ಸ್ಪಗೆಟಿ! ಹೊರಗಿನಿಂದ ಬಂದದ್ದನ್ನು ತನ್ನದಾಗಿಸಿಕೊಳ್ಳೋದು ಬೇರೆ, ತನ್ನದನ್ನೇ ಬಿಟ್ಟುಕೊಡೋದು ಬೇರೆ. ನಾನು ಕೇಳ್ತಿರೋದು ಶುದ್ಧತೆ ಅಲ್ಲ, ಇದು ಯಾವ ಊರಿನ ರುಚಿ ಅಂತ ಹೇಳೋ ಧೈರ್ಯ.

ಇನ್ನು ಕುಣಿತದ ಮಾತು. ಜಪಿನ್, ಜೊಗೆಟ್, ತಟ್ಟೆ ಹಿಡಿದು ಮಾಡುವ ತಾರಿಯಾನ್ ಪಿರಿಂಗ್.. ಎಲ್ಲ ಚೆನ್ನಾಗಿರುತ್ತೆ. ಆ ಕಲಾವಿದರಿಗೆ ರಾತ್ರಿಯ ಸಂಬಳ ಸಿಗೋದು ಇಂಥ ಹೋಟೆಲುಗಳಿಂದ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕುಣಿತ ಇರಲಿ, ಆದ್ರೆ ಅಡುಗೆಯ ಲೋಪ ಮುಚ್ಚೋ ಪರದೆಯಾಗಿ ಬೇಡ. ದೀಪ ಆರಿಸಿ ವೇದಿಕೆ ಬೆಳಗಿದ ಮೇಲೆ ತಟ್ಟೆಯಲ್ಲೇನಿದೆ ಅಂತ ಯಾರು ನೋಡ್ತಾರೆ ಹೇಳಿ?

ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ, ಪ್ರವಾಸಿಗಳ ಹೋಟೆಲು ತಾನೇ ಅನ್ನಬೇಡಿ. ಹಿಂದೆ ಮಲಯ್ ಹಳ್ಳಿಗಳಲ್ಲಿ ಮದುವೆಯ 'ಕೆಂಡುರಿ' ಅಂದ್ರೆ ಊರಿಗೆ ಊರೇ ಸೇರಿ ತೆಂಗು ತುರಿದು, ಈರುಳ್ಳಿ ಸುಲಿದು, ದೊಡ್ಡ ಕೊಳದಪ್ಪಲೆಗಳಲ್ಲಿ ಬೇಯಿಸುತ್ತಿತ್ತು. 'ಗೊತೊಂಗ್ ರೊಯೊಂಗ್' ಅನ್ನೋದು ಅದಕ್ಕೇ. ಬಂದವರನ್ನು ಕೂರಿಸಿ, ನಾಲ್ಕೈದು ಜನರ ನಡುವೆ ಒಂದು ತಟ್ಟೆಯಲ್ಲಿ ಪದಾರ್ಥಗಳನ್ನಿಟ್ಟು ಬಡಿಸೋ ಕ್ರಮಕ್ಕೆ 'ಹಿದಾಂಗ್' ಅಂತಾರೆ. ಈಗ ನಗರದ ಮದುವೆಗಳಲ್ಲಿ ಕೇಟರಿಂಗ್, ಬಫೆ ಸಾಲು. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಲಯ್ ಹುಡುಗ ಹುಡುಗಿಯರೂ 'ನಮ್ಮ ಸಂಪ್ರದಾಯ ನೋಡೋಣ' ಅಂತ ಬರೋದು ಇದೇ ಥೀಮ್ ಹೋಟೆಲಿಗೆ. ಅಲ್ಲಿ ಕಂಡದ್ದೇ ಅವರಿಗೆ ಅಜ್ಜಿಯ ಅಡುಗೆ ಆಗಿಬಿಡುತ್ತೆ. ಹೋಲಿಸಿ ನೋಡೋಕೆ ಅಜ್ಜಿ ಇರಲ್ಲ. ಪ್ರವಾಸಿ ಮರಳಿ ಹೋಗ್ತಾನೆ, ನಷ್ಟ ಆಗೋದು ಈ ಮಕ್ಕಳಿಗೆ.

2024ರ ಡಿಸೆಂಬರಿನಲ್ಲಿ ಯುನೆಸ್ಕೋ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಾಸಿ ಲೆಮಾಕ್, ರೋಟಿ ಚನಾಯ್, ತೆ ತಾರಿಕ್. ಗಮನಿಸಿ, ಇದು ವೇದಿಕೆ, ಜರಿ ಬಟ್ಟೆಗಳ ಮಾತಲ್ಲ. ಮಲಯ್, ಚೀನೀ, ತಮಿಳು ಜನ ಪಕ್ಕಪಕ್ಕ ಕೂತು ತಿನ್ನೋ ಪ್ಲಾಸ್ಟಿಕ್ ಕುರ್ಚಿಯ ಅಂಗಡಿಗಳ ಮಾತು. ಪೆಟ್ರೊನಾಸ್ ಗೋಪುರಗಳ ಬುಡದಲ್ಲೇ ಇರೋ ಕಾಂಪೊಂಗ್ ಬಾರು ಅನ್ನೋ ಹಳೆಯ ಮಲಯ್ ಬಡಾವಣೆಗೆ ಹೋಗಿ ನೋಡಿ. ಅಲ್ಲಿನ ನಾಸಿ ಚಾಂಪುರ್ ಅಂಗಡಿಯಲ್ಲಿ ಅನ್ನಕ್ಕೆ ಬೇಕಾದ್ದು ಹಾಕಿಕೊಂಡು ಹೋದ್ರೆ ಅಂಗಡಿಯಾಕೆ ತಟ್ಟೆ ನೋಡಿಯೇ ಬೆಲೆ ಹೇಳ್ತಾರೆ. ಅಲ್ಲಿ ಯಾವ ಥೀಮೂ ಇಲ್ಲ, ಸಂಬಾಲ್ ಇದೆ.

ಥೀಮ್ ಹೋಟೆಲಿಗೇ ಹೋಗಬೇಕಾಗಿ ಬಂದ್ರೆ ಸುಮ್ಮನೆ ಫೋಟೋ ತೆಗೆದು ಬರಬೇಡಿ. ಉಲಾಮ್ ಕೇಳಿ, ಈ ಸಾರು ಯಾವ ಊರಿನದು ಅಂತ ಕೇಳಿ. ಕೇಳೋರು ಇದ್ದಾರೆ ಅಂತ ಗೊತ್ತಾದ್ರೆ ಮಾಲೀಕರ ಲೆಕ್ಕಾಚಾರವೂ ಬದಲಾಗುತ್ತೆ. ಭಾಷೆ ಬರಲ್ಲ ಅನ್ನೋ ಚಿಂತೆ ಬೇಡ. ಮಲಯ್ ಭಾಷೆಯಲ್ಲಿ 'ಇದೆಯಾ' ಅಂತ ಕೇಳಲು 'ಅದಾ' ಅಂದ್ರೆ ಸಾಕು. 'ಸಂಬಾಲ್ ಬೆಲಾಚಾನ್ ಅದಾ?' ನಮ್ಮ ಉತ್ತರ ಕರ್ನಾಟಕದವರಂತೂ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ :)